ಒಂಬತ್ತನೆಯ ಆಳು

ಕೊಯ್ಲಿನ ದಿನಗಳಲ್ಲಿ ಹಳ್ಳಿಯ ಮನೆಗಳಲ್ಲಿ ಸಂಜೆಯಾಗುತ್ತಿದ್ದಂತೆ ಒಂದು ಮಾತು ಬಂದೇ ಬರುತ್ತದೆ: ‘ನಾಳೆಗೆ ಎಷ್ಟು ಆಳು ಹೇಳೋಣ?’ ಹೆಚ್ಚು ಜನ ಬಂದರೆ ಕೆಲಸ ಬೇಗ ಮುಗಿಯುತ್ತದೆ, ಕೂಲಿಯೂ ಬೆಳೆಯುತ್ತದೆ. ಕಡಿಮೆ ಜನ ಸಾಕೆಂದರೆ ಕೂಲಿ ಉಳಿಯುತ್ತದೆ, ಆದರೆ ಫಸಲೂ ಒಂದಿಷ್ಟು ಹೊಲದಲ್ಲೇ ಉಳಿದುಬಿಡುತ್ತದೆ. ಮನೆಯ ಯಜಮಾನ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಂಟು ಜನ ಸಾಕು’ ಅನ್ನುತ್ತಾನೆ. ಎಂಟೇ ಯಾಕೆ, ಒಂಬತ್ತು ಯಾಕಲ್ಲ ಎಂದು ಕೇಳಿದರೆ ಅವನ ಬಳಿ ಸಿದ್ಧ ಉತ್ತರ ಇರುವುದಿಲ್ಲ. ಆದರೂ ಅವನು ಹೇಳಿದ ಸಂಖ್ಯೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಅರ್ಥಶಾಸ್ತ್ರ ಓದಿದವರಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಗೊತ್ತು. ಕೆಳಗಿಳಿಯುವ ಒಂದು ಗೆರೆ, ಅದನ್ನು ಕತ್ತರಿಸುವ ಒಂದು ಅಡ್ಡಗೆರೆ, ಎರಡೂ ಕೂಡುವಲ್ಲಿ ಒಂದು ಚುಕ್ಕೆ. ಪೂರ್ಣ ಪೈಪೋಟಿಯ ಮಾರುಕಟ್ಟೆಯಲ್ಲಿ ಒಂದು ಉದ್ಯಮ ಎಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಆ ಚುಕ್ಕೆಯೇ ಉತ್ತರ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಡುವ ಈ ಚಿತ್ರ ಹುಟ್ಟಿದ್ದು ಕಾರ್ಖಾನೆಯಲ್ಲೂ ಅಲ್ಲ, ವಿಶ್ವವಿದ್ಯಾಲಯದಲ್ಲೂ ಅಲ್ಲ. ಉತ್ತರ ಜರ್ಮನಿಯ ಒಂದು ಆಲೂಗಡ್ಡೆ ಹೊಲದಲ್ಲಿ.

ಆ ಹೊಲದ ಒಡೆಯ ಯೋಹಾನ್ ಹೈನ್‌ರಿಶ್ ಫಾನ್ ಥ್ಯೂನೆನ್. ಹುಟ್ಟಿದ್ದು 1783ರಲ್ಲಿ. 1810ರಲ್ಲಿ ಮೆಕ್ಲೆನ್‌ಬುರ್ಗ್ ಪ್ರದೇಶದ ಟೆಲ್ಲೋ ಎಂಬಲ್ಲಿ ಜಮೀನು ಕೊಂಡು ಅಲ್ಲೇ ನೆಲೆಸಿದ. ಕೊಂಡ ವರ್ಷದಿಂದಲೇ ಜಮೀನಿನ ಲೆಕ್ಕವನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಟ್ಟನೆಂದರೆ, ಯಾವ ಬೆಳೆಗೆ ಎಷ್ಟು ದಿನದ ದುಡಿಮೆ ಹೋಯಿತು, ಗೊಬ್ಬರ ಸಾಗಿಸಲು ಎಷ್ಟು ತಗುಲಿತು, ಪೇಟೆಗೆ ಧಾನ್ಯ ಒಯ್ಯುವಷ್ಟರಲ್ಲಿ ಕುದುರೆಗಳು ತಿಂದದ್ದೆಷ್ಟು ಎಂಬುದೆಲ್ಲ ಅದರಲ್ಲಿತ್ತು. ಆ ಕಡತಗಳಿಂದಲೇ 1826ರಲ್ಲಿ ಅವನ ‘ಪ್ರತ್ಯೇಕ ರಾಜ್ಯ’ ಎಂಬ ಪುಸ್ತಕದ ಮೊದಲ ಭಾಗ ಹೊರಬಂತು. ಪೇಟೆಯಿಂದ ದೂರ ಹೋದಂತೆ ಭೂಮಿಯ ಬಳಕೆ ಹೇಗೆ ಬದಲಾಗುತ್ತದೆ ಎಂದು ವಿವರಿಸುವ ಆ ಭಾಗವನ್ನು ಭೂಗೋಳದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕೂಲಿಯ ಬಗ್ಗೆ ಅವನು ಬರೆದದ್ದು ಎರಡನೆಯ ಭಾಗದಲ್ಲಿ. ಅದು ಬಂದದ್ದು 1850ರಲ್ಲಿ, ಅವನು ತೀರಿಕೊಂಡ ವರ್ಷ.

ಆ ಊರಿನ ಆಗಿನ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಂಡರೆ ಅವನ ಲೆಕ್ಕದ ತೂಕ ಗೊತ್ತಾಗುತ್ತದೆ. ಥ್ಯೂನೆನ್ ಟೆಲ್ಲೋಗೆ ಬಂದಾಗ ಮೆಕ್ಲೆನ್‌ಬುರ್ಗಿನ ರೈತಾಳುಗಳು ಜಮೀನಿಗೆ ಅಂಟಿಕೊಂಡ ಜೀತದವರು. ಧಣಿಯ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಅಂಥ ಕಡೆ ‘ಎಷ್ಟು ಆಳು ಬೇಕು’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಜಮೀನಿನ ಜೊತೆ ಬಂದ ಜನ ಎಷ್ಟಿದ್ದಾರೋ ಅಷ್ಟು. ದುಡಿಸಿಕೊಳ್ಳುವುದೂ ಧಣಿಯ ಪಾಲಿಗೆ, ಸಾಕುವುದೂ ಅವನ ಪಾಲಿಗೆ. 1820ರಲ್ಲಿ ಅಲ್ಲಿ ಜೀತ ರದ್ದಾಯಿತು. ಆಳು ಸ್ವತಂತ್ರನಾದ. ಅದೇ ಗಳಿಗೆಯಲ್ಲಿ ಧಣಿಗೂ ಒಂದು ಸ್ವಾತಂತ್ರ್ಯ ಬಂತು: ಬೇಡದವನನ್ನು ಬೇಡ ಎನ್ನುವ ಸ್ವಾತಂತ್ರ್ಯ. ಒಂದು ಜಮೀನು ಬಿಟ್ಟವನು ಇನ್ನೊಂದು ಕಡೆ ನೆಲೆಸಬೇಕಾದರೆ ಅಲ್ಲಿನ ಜಮೀನುದಾರನ ಒಪ್ಪಿಗೆ ಬೇಕಾಗುತ್ತಿತ್ತು. ಬಿಡುಗಡೆಯಾದ ಎಷ್ಟೋ ಜನಕ್ಕೆ ಸೂರು ಸಿಗದೆ, ಮುಂದಿನ ದಶಕಗಳಲ್ಲಿ ಅಮೆರಿಕದ ಹಡಗು ಹತ್ತಿದವರು ಬಹಳ. ಆಳುಗಳನ್ನು ಎಣಿಸಿ ತೆಗೆದುಕೊಳ್ಳುವ ಲೆಕ್ಕ ಹುಟ್ಟಿದ್ದು ಇಂಥ ಕಾಲದಲ್ಲಿ.

ಲೆಕ್ಕ ಹೀಗಿದೆ. ಒಂದು ಹೊಲದಲ್ಲಿ ನೂರು ಶೆಫೆಲ್ ಆಲೂಗಡ್ಡೆ ಬೆಳೆದಿದೆ ಎಂದುಕೊಳ್ಳಿ. ಶೆಫೆಲ್ ಎಂದರೆ ನಮ್ಮ ಕೊಳಗದ ಹಾಗೆ ಆ ಕಡೆಯ ಅಳತೆ. ನಾಲ್ಕು ಜನರನ್ನು ಕೀಳಲು ಬಿಟ್ಟರೆ ಅವರು ಕಣ್ಣಿಗೆ ಬಿದ್ದದ್ದನ್ನು ಆಯ್ದುಕೊಂಡು ಸಾಗುತ್ತಾರೆ; ಕೈಗೆ ಬರುವುದು 80. ಐದನೆಯವನು ಸೇರಿದರೆ 86.6. ಆರು ಜನವಾದರೆ 91, ಏಳಾದರೆ 94, ಎಂಟಾದರೆ 96, ಒಂಬತ್ತಾದರೆ 97.3, ಹತ್ತಾದರೆ 98.2, ಹನ್ನೊಂದಾದರೆ 98.8, ಹನ್ನೆರಡಾದರೆ 99.2. ಜನ ಹೆಚ್ಚಿದಂತೆ ಮಣ್ಣು ಕೆದಕಿ, ಹುಡುಕಿ ತೆಗೆಯಬೇಕಾಗುತ್ತದೆ. ಐದನೆಯವನು ಬಂದದ್ದರಿಂದ 6.6 ಅಳತೆ ಹೆಚ್ಚಿತು. ಹನ್ನೆರಡನೆಯವನು ಬಂದದ್ದರಿಂದ ಹೆಚ್ಚಿದ್ದು 0.4 ಮಾತ್ರ. ಹೊಸದಾಗಿ ಸೇರಿದ ಒಬ್ಬನಿಂದ ಆಗುವ ಈ ಹೆಚ್ಚುವರಿಯನ್ನೇ ನಮ್ಮ ಪಠ್ಯಪುಸ್ತಕಗಳು ಸೀಮಾಂತ ಉತ್ಪನ್ನ ಎಂದು ಕರೆಯುತ್ತವೆ.

ಈಗ ಜಮೀನುದಾರನ ಜಾಗದಲ್ಲಿ ನಿಂತು ನೋಡೋಣ. ಸುತ್ತ ನೂರಾರು ಜಮೀನುಗಳಿವೆ, ಪೇಟೆಗೆ ಎಲ್ಲರ ಆಲೂಗಡ್ಡೆಯೂ ಬರುತ್ತದೆ. ಹಾಗಾಗಿ ಆಲೂಗಡ್ಡೆಯ ಬೆಲೆ ಅವನ ಕೈಯಲ್ಲಿಲ್ಲ. ಆಳುಗಳಿಗೂ ಹತ್ತು ಕಡೆ ಕೆಲಸವಿದೆ, ಹಾಗಾಗಿ ಕೂಲಿಯ ದರವೂ ಅವನ ಕೈಯಲ್ಲಿಲ್ಲ. ಪೈಪೋಟಿಯ ಮಾರುಕಟ್ಟೆ ಎಂದರೆ ಇದೇ. ಅವನ ಕೈಯಲ್ಲಿ ಉಳಿಯುವುದು ಒಂದೇ, ಎಷ್ಟು ಜನ ಎಂಬುದು. ಒಂದು ದಿನದ ಕೂಲಿ ಒಂದು ಶೆಫೆಲ್ ಆಲೂಗಡ್ಡೆಯ ಬೆಲೆಯಷ್ಟಿದೆ ಎನ್ನಿ. ಒಂಬತ್ತನೆಯವನು 1.3 ತರುತ್ತಾನೆ, 1 ಒಯ್ಯುತ್ತಾನೆ, ಇರಲಿ. ಹತ್ತನೆಯವನು 0.9 ತಂದು 1 ಒಯ್ಯುತ್ತಾನೆ, ಬೇಡ. ಅಲ್ಲಿಗೆ ಒಂಬತ್ತು ಜನ. ಕೂಲಿ ಅರ್ಧಕ್ಕೆ ಇಳಿದರೆ ಹನ್ನೊಂದನೆಯವನಿಗೂ ಕೆಲಸ ಸಿಗುತ್ತದೆ. ಕೂಲಿ ಒಂದೂವರೆಯಾದರೆ ಒಂಬತ್ತನೆಯವನೂ ಮನೆಗೆ ಹೋಗುತ್ತಾನೆ. ಕೊನೆಯ ಆಳು ತಂದುಕೊಡುವುದು ಅವನ ಕೂಲಿಗೆ ಸಮನಾಗುವವರೆಗೆ ಜನ ತೆಗೆದುಕೋ, ಅಲ್ಲಿ ನಿಲ್ಲಿಸು. ಇಷ್ಟೇ ನಿಯಮ.

ಥ್ಯೂನೆನ್ ಅಲ್ಲಿಗೇ ನಿಲ್ಲಲಿಲ್ಲ. ಈ ಹೊಲದಲ್ಲಿ ಕೆಲಸಕ್ಕೆ ಬಂದ ಎಲ್ಲರಿಗೂ ಒಂದೇ ಕೂಲಿ, ಮತ್ತು ಆ ಕೂಲಿ ಕೊನೆಯವನು ತಂದದ್ದಕ್ಕೆ ತಕ್ಕಂತೆ ಎಂಬುದನ್ನು ಅವನು ಕಂಡ. ಅದನ್ನು ಕಂಡು ಸಮಾಧಾನಪಡಲಿಲ್ಲ. ಇದು ನಡೆಯುವ ರೀತಿ, ಆದರೆ ನಡೆಯಬೇಕಾದ ರೀತಿಯೇ? ಈ ಪ್ರಶ್ನೆ ಅವನನ್ನು ಬಹುಕಾಲ ಕಾಡಿತು. ಜನವಸತಿಯ ಅಂಚಿನಲ್ಲಿ, ಯಾರು ಬೇಕಾದರೂ ಖಾಲಿ ಭೂಮಿ ಉತ್ತು ಸ್ವಂತ ಬೇಸಾಯ ಹೂಡಬಹುದಾದ ಕಡೆ, ಕೂಲಿ ಎಷ್ಟಿರುತ್ತಿತ್ತು ಎಂದು ಲೆಕ್ಕ ಹಾಕಿದ. ಒಬ್ಬನ ಜೀವನಕ್ಕೆ ಅಗತ್ಯವಾದದ್ದು ಒಂದು, ಅವನ ದುಡಿಮೆಯಿಂದ ಹುಟ್ಟುವ ಒಟ್ಟು ಉತ್ಪನ್ನ ಇನ್ನೊಂದು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವುದೇ ಸಹಜವಾದ ಕೂಲಿ ಎಂಬುದು ಅವನ ತೀರ್ಮಾನ. ಬೆಲಿಟ್ಸ್ ಊರಿನ ಚರ್ಚಿನ ಅಂಗಳದಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ಈ ಸೂತ್ರವನ್ನು ಕೆತ್ತಲಾಗಿದೆ. ಮುಂದಿನ ಅರ್ಥಶಾಸ್ತ್ರಜ್ಞರು ಅದರಲ್ಲಿ ತಪ್ಪುಗಳನ್ನು ತೋರಿಸಿದರು. ಇವತ್ತು ಅದನ್ನು ಒಪ್ಪುವವರು ಕಡಿಮೆ. ಆದರೆ ಬದುಕಿನ ಕೊನೆಯ ವರ್ಷಗಳಲ್ಲಿ ಅವನು ಟೆಲ್ಲೋದಲ್ಲಿ ಇನ್ನೊಂದು ಕೆಲಸ ಮಾಡಿದ. ಜಮೀನಿನ ಲಾಭ ಒಂದು ಮಿತಿಯನ್ನು ದಾಟಿದರೆ ದಾಟಿದ ಭಾಗದಲ್ಲಿ ಊರಿನ ದುಡಿಮೆಗಾರರಿಗೂ ಪಾಲು ಕೊಟ್ಟ. ಆ ಹಣ ಅವರವರ ಹೆಸರಿನಲ್ಲಿ ಜಮೆಯಾಗಿ, ವರ್ಷವರ್ಷವೂ ಬಡ್ಡಿ ಬಂದು, ಮುಪ್ಪಿನಲ್ಲಿ ಅಸಲು ಕೈಸೇರುವ ಏರ್ಪಾಡು. ಕೊನೆಯ ಆಳಿನ ಲೆಕ್ಕ ಬರೆದವನೇ, ಕೂಲಿ ಕೊಟ್ಟ ಮಾತ್ರಕ್ಕೆ ಋಣ ಹರಿಯಲಿಲ್ಲ ಎಂದೂ ತಿಳಿದಿದ್ದ.

ಅರ್ಧ ಶತಮಾನದ ನಂತರ ಅದೇ ಲೆಕ್ಕ ಅಮೆರಿಕದಲ್ಲಿ ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿತು. 1886ರ ಮೇ ತಿಂಗಳಲ್ಲಿ ಷಿಕಾಗೋದ ಹೇಮಾರ್ಕೆಟ್ ಚೌಕದಲ್ಲಿ, ಎಂಟು ಗಂಟೆಯ ದುಡಿಮೆಗಾಗಿ ನಡೆದ ಹೋರಾಟದ ನಡುವೆ ಬಾಂಬು ಸಿಡಿದು ಜನ ಸತ್ತರು, ಆಮೇಲೆ ಹೋರಾಟಗಾರರು ಗಲ್ಲಿಗೇರಿದರು. ಅದೇ ವರ್ಷ ಜಾನ್ ಬೇಟ್ಸ್ ಕ್ಲಾರ್ಕ್ ಎಂಬ ಪ್ರಾಧ್ಯಾಪಕನ ಮೊದಲ ಪುಸ್ತಕ ಬಂತು. ಅದರಲ್ಲಿ ಅವನು ಕಡಿವಾಣವಿಲ್ಲದ ಪೈಪೋಟಿಯನ್ನು ಅನುಮಾನದಿಂದಲೇ ನೋಡಿದ್ದ. ಆದರೆ 1899ರಲ್ಲಿ ಬಂದ ‘ಸಂಪತ್ತಿನ ಹಂಚಿಕೆ’ಯ ಹೊತ್ತಿಗೆ ಅವನ ಧಾಟಿ ಬದಲಾಗಿತ್ತು. ಸಮಾಜದ ಮೇಲೆ ಒಂದು ಆರೋಪವಿದೆ, ಅದು ದುಡಿಯುವವರನ್ನು ಸುಲಿಯುತ್ತಿದೆ ಎಂಬುದು. ಅದು ನಿಜವಾದರೆ ಪ್ರಾಮಾಣಿಕರೆಲ್ಲ ಸಮಾಜವಾದಿಗಳಾಗಬೇಕಾಗುತ್ತದೆ ಎಂದು ಅವನು ನೇರವಾಗಿಯೇ ಒಪ್ಪಿಕೊಂಡ. ಆಮೇಲೆ ಆರೋಪ ಸುಳ್ಳು ಎಂದು ತೋರಿಸಲು ಹೊರಟ. ಅವನ ಸಾಧನ ಕೊನೆಯ ಆಳಿನ ಲೆಕ್ಕವೇ. ಮುಕ್ತ ಪೈಪೋಟಿಯಿದ್ದರೆ ಪ್ರತಿಯೊಬ್ಬನಿಗೂ ಅವನು ಸೃಷ್ಟಿಸಿದಷ್ಟೇ ಸಿಗುತ್ತದೆ, ಅದು ಪ್ರಕೃತಿಯ ನಿಯಮ, ಹಾಗಾಗಿ ನ್ಯಾಯವೂ ಹೌದು ಎಂಬುದು ಅವನ ವಾದ.

ಒಂದೇ ಲೆಕ್ಕ. ಒಬ್ಬ ಅದನ್ನು ನೋಡಿ ಚಡಪಡಿಸಿದ, ಇನ್ನೊಬ್ಬ ನಿಟ್ಟುಸಿರು ಬಿಟ್ಟ. ಯಾರು ಸರಿ?

ಮತ್ತೆ ಆಲೂಗಡ್ಡೆ ಹೊಲಕ್ಕೇ ಹೋಗಿ ನೋಡಬೇಕು. ಒಂಬತ್ತು ಜನ ಸಾಲಾಗಿ ಬಗ್ಗಿ ಕೆಲಸ ಮಾಡುತ್ತಿದ್ದಾರೆ. ಇವರಲ್ಲಿ ಒಂಬತ್ತನೆಯವನು ಯಾರು? ಯಾರೂ ಅಲ್ಲ, ಅಥವಾ ಎಲ್ಲರೂ. ಮೊದಲು ಬಂದ ನಾಲ್ವರು ಗಟ್ಟಿಗರು, ಕೊನೆಗೆ ಬಂದವನು ಸೋಮಾರಿ ಎಂದೇನೂ ಥ್ಯೂನೆನ್ ಹೇಳಿಲ್ಲ. ಎಲ್ಲರೂ ಸಮಾನ ಕೆಲಸಗಾರರು ಎಂದೇ ಅವನ ಲೆಕ್ಕ. ಯಾವನೇ ಒಬ್ಬ ಎದ್ದು ಹೋದರೂ ಆಗುವ ನಷ್ಟ 1.3. ಒಂಬತ್ತು ಜನರೂ ಒಟ್ಟಿಗೆ ಎದ್ದು ಹೋದರೆ ಆಗುವ ನಷ್ಟ 97.3. ಒಬ್ಬೊಬ್ಬರ 1.3ನ್ನು ಕೂಡಿಸಿದರೆ 11.7 ಆಗುತ್ತದೆಯೇ ಹೊರತು 97.3 ಆಗುವುದಿಲ್ಲ. ಕಾರ್ಮಿಕ ಸಂಘ ಎಂಬ ಯೋಚನೆಯ ಬೇರು ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ಇದೆ. ಒಬ್ಬೊಬ್ಬರಾಗಿ ನಿಂತರೆ ಎಲ್ಲರೂ ಒಂಬತ್ತನೆಯವರು. ಒಟ್ಟಿಗೆ ನಿಂತರೆ ಯಾರೂ ಅಲ್ಲ.

ಕ್ಲಾರ್ಕ್ ಇದಕ್ಕೂ ಉತ್ತರ ಇಟ್ಟುಕೊಂಡಿದ್ದ. ಉಳಿದದ್ದು ಭೂಮಿ ಮತ್ತು ಬಂಡವಾಳ ಸೃಷ್ಟಿಸಿದ್ದು, ಅದು ಅವುಗಳ ಪಾಲು ಎಂದು. ಬೀಜ, ಗೊಬ್ಬರ, ಉಳುಮೆ, ನೆಲ ಯಾವುದೂ ಪುಕ್ಕಟೆ ಅಲ್ಲ ಎಂಬುದು ಸರಿ. ಆದರೆ ನೆಲದಿಂದ ಬೆಳೆ ಬಂತು ಎನ್ನುವುದು ಒಂದು ಮಾತು, ನೆಲದ ಒಡೆಯ ಬೆಳೆದ ಎನ್ನುವುದು ಇನ್ನೊಂದು. ಮೊದಲನೆಯದನ್ನು ಲೆಕ್ಕ ಹೇಳುತ್ತದೆ. ಎರಡನೆಯದನ್ನು ಹೇಳುವುದು ಜಮೀನಿನ ಪತ್ರ. ಆ ಪತ್ರ ಯಾರ ಹೆಸರಿಗೆ ಹೇಗೆ ಬಂತು ಎಂಬುದು ಅರ್ಥಶಾಸ್ತ್ರದ ಗೆರೆಚಿತ್ರದಲ್ಲಿ ಇಲ್ಲ, ಇತಿಹಾಸದಲ್ಲಿದೆ.

ಕೇಂಬ್ರಿಜ್‌ನ ಆಲ್‌ಫ್ರೆಡ್ ಮಾರ್ಷಲ್ ಇಲ್ಲಿ ಹೆಚ್ಚು ಎಚ್ಚರದಿಂದಿದ್ದ. ಥ್ಯೂನೆನ್‌ನ ಋಣವನ್ನು ಮನಸಾರೆ ಒಪ್ಪಿಕೊಂಡವನು ಅವನು. 1890ರಲ್ಲಿ ಮೊದಲು ಬಂದು ಮುಂದೆ ಹಲವು ಸಲ ತಿದ್ದಿದ ತನ್ನ ದೊಡ್ಡ ಪುಸ್ತಕದಲ್ಲಿ ಅವನು ಕುರುಬನೊಬ್ಬನ ಉದಾಹರಣೆ ಕೊಡುತ್ತಾನೆ. ಇನ್ನೊಬ್ಬ ಕುರುಬನನ್ನು ಇಟ್ಟುಕೊಂಡರೆ ವರ್ಷಕ್ಕೆ ಇಪ್ಪತ್ತು ಕುರಿ ಹೆಚ್ಚಾಗಿ ಪೇಟೆಗೆ ಹೋಗುತ್ತವೆ ಎಂದಾದರೆ, ಆ ಇಪ್ಪತ್ತು ಕುರಿಯ ಬೆಲೆಯವರೆಗೆ ಅವನಿಗೆ ಸಂಬಳ ಕೊಡಲು ಯಜಮಾನ ಸಿದ್ಧನಿರುತ್ತಾನೆ. ಆದರೆ ಇದೇ ಕೂಲಿಯ ಸಿದ್ಧಾಂತ ಎಂದು ಯಾರೂ ತಿಳಿಯಬಾರದು, ಕೂಲಿಯನ್ನು ನಿರ್ಧರಿಸುವ ಹಲವು ಕಾರಣಗಳಲ್ಲಿ ಒಂದರ ಮೇಲೆ ಇದು ಬೆಳಕು ಚೆಲ್ಲುತ್ತದೆ ಅಷ್ಟೆ ಎಂದು ಮಾರ್ಷಲ್ ಸ್ಪಷ್ಟಪಡಿಸಿದ. 1933ರಲ್ಲಿ ಅದೇ ಕೇಂಬ್ರಿಜ್‌ನ ಜೋನ್ ರಾಬಿನ್‌ಸನ್ ಇನ್ನೊಂದು ಹೆಜ್ಜೆ ಮುಂದಿಟ್ಟಳು. ಒಂದು ಊರಿನಲ್ಲಿ ಕೆಲಸ ಕೊಡುವವನು ಒಬ್ಬನೇ ಇದ್ದರೆ, ಅವನು ಜನರನ್ನೂ ಕಡಿಮೆ ತೆಗೆದುಕೊಳ್ಳುತ್ತಾನೆ, ಕೊನೆಯ ಆಳು ತಂದದ್ದಕ್ಕಿಂತ ಕಡಿಮೆ ಕೂಲಿಯನ್ನೂ ಕೊಡುತ್ತಾನೆ ಎಂದು ತೋರಿಸಿದಳು. ಬೇರೆ ಜಮೀನಿನಲ್ಲಿ ನೆಲೆಸಲು ಒಪ್ಪಿಗೆ ಸಿಗದ ಮೆಕ್ಲೆನ್‌ಬುರ್ಗಿನ ಆಳಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ಉದ್ಯಮಿಗಳು ನಿಜಕ್ಕೂ ಹೀಗೆ ಲೆಕ್ಕ ಹಾಕುತ್ತಾರೆಯೇ? ಈ ಪ್ರಶ್ನೆಯನ್ನು ಅವರನ್ನೇ ಕೇಳಿದವನು ರಿಚರ್ಡ್ ಲೆಸ್ಟರ್. ಅಮೆರಿಕದ ದಕ್ಷಿಣ ರಾಜ್ಯಗಳ ಉದ್ಯಮಗಳಿಗೆ ಪ್ರಶ್ನಾವಳಿ ಕಳಿಸಿ, ಎಷ್ಟು ಜನರನ್ನು ಇಟ್ಟುಕೊಳ್ಳಬೇಕೆಂದು ಯಾವುದನ್ನು ನೋಡಿ ತೀರ್ಮಾನಿಸುತ್ತೀರಿ ಎಂದು ವಿಚಾರಿಸಿದ. ಹೆಚ್ಚಿನವರು ಕೂಲಿಯ ಮಾತನ್ನು ಮುಂದೆ ತರಲಿಲ್ಲ. ನಮ್ಮ ಮಾಲಿಗೆ ಎಷ್ಟು ಬೇಡಿಕೆ ಇದೆ ಎಂಬುದನ್ನು ನೋಡುತ್ತೇವೆ ಎಂದರು. 1946ರಲ್ಲಿ ಲೆಸ್ಟರ್ ಇದನ್ನು ಪ್ರಕಟಿಸಿ, ಸೀಮಾಂತದ ಲೆಕ್ಕ ಪುಸ್ತಕದಲ್ಲಿ ಮಾತ್ರ ಇದೆ ಎಂದ. ಅದೇ ವರ್ಷ ಫ್ರಿಟ್ಸ್ ಮಾಖ್ಲುಪ್ ಉತ್ತರ ಬರೆದ. ರಸ್ತೆಯಲ್ಲಿ ಮುಂದಿರುವ ಲಾರಿಯನ್ನು ಹಿಂದೆ ಹಾಕುವ ಚಾಲಕ ಎದುರು ಬರುವ ಗಾಡಿಯ ವೇಗ, ದೂರ, ತನ್ನ ಗಾಡಿಯ ಶಕ್ತಿ ಇವನ್ನೆಲ್ಲ ಸಮೀಕರಣ ಬರೆದು ಬಿಡಿಸುವುದಿಲ್ಲ. ಆದರೂ ಅವನ ಮನಸ್ಸು ಆ ಲೆಕ್ಕವನ್ನೇ ಮಾಡುತ್ತಿರುತ್ತದೆ ಎಂದ. ಸಂಜೆ ಸುಮ್ಮನೆ ಕೂತು ‘ಎಂಟು ಜನ ಸಾಕು’ ಎನ್ನುವ ನಮ್ಮ ಯಜಮಾನನ ಪಕ್ಷವನ್ನೇ ಮಾಖ್ಲುಪ್ ವಹಿಸಿದ ಹಾಗಾಯಿತು. ಲೆಸ್ಟರ್ ಹೇಳಿದ್ದೂ ಪೂರ್ತಿ ಬಿದ್ದುಹೋಗಲಿಲ್ಲ. ಮಾಲು ಖರ್ಚಾಗದಿದ್ದರೆ ಕೂಲಿ ಎಷ್ಟು ಅಗ್ಗವಾದರೂ ಯಾರೂ ಕರೆಯುವುದಿಲ್ಲ ಎಂಬುದನ್ನು ಕೆಲಸ ಕಳೆದುಕೊಂಡವರು ಬಲ್ಲರು.

ಈ ವಾದ ಭಾರತಕ್ಕೂ ಬಂತು, ಮತ್ತು ಬಂದದ್ದು ಒಂದು ಸಾವಿನ ಲೆಕ್ಕದ ಮೂಲಕ. ಅದಕ್ಕೆ ಮೊದಲು ಒಂದು ವ್ಯತ್ಯಾಸ ಗಮನಿಸಬೇಕು. ಉದ್ಯಮಕ್ಕೆ ಕೊನೆಯ ಆಳಿನ ಲೆಕ್ಕ ಇದೆ, ಮನೆಗೆ ಇಲ್ಲ. ಎರಡೆಕರೆಯ ಹೊಲದಲ್ಲಿ ಐದು ಜನ ಅಣ್ಣತಮ್ಮಂದಿರು ದುಡಿಯುತ್ತಿದ್ದರೆ, ಮೂವರಿಗೆ ಆಗುವಷ್ಟೇ ಕೆಲಸವಿದೆ ಎಂದು ಇಬ್ಬರನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಒಲೆಯ ಮೇಲಿನ ಮುದ್ದೆ ಐದು ತಟ್ಟೆಗೂ ಬೀಳುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನಲ್ಲೂ ಹಾಗೆಯೇ. ಇವತ್ತು ನೀನು ನನ್ನ ಗದ್ದೆಗೆ ಬಂದದ್ದಕ್ಕೆ ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ನೀನು ತಂದ ಹೆಚ್ಚುವರಿ ಎಷ್ಟು ಎಂದು ಯಾರೂ ಅಳೆಯುವುದಿಲ್ಲ. ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದಲ್ಲಿ ಹುಟ್ಟಿದ ಆರ್ಥರ್ ಲೂಯಿಸ್ 1954ರಲ್ಲಿ ಬರೆದ ಹೆಸರಾಂತ ಲೇಖನದ ತಿರುಳು ಇದೇ. ಭಾರತ, ಈಜಿಪ್ಟ್‌ನಂಥ ದೇಶಗಳಲ್ಲಿ ಕುಟುಂಬದ ಹೊಲ ಸರಾಸರಿಯನ್ನು ಹಂಚುತ್ತದೆ, ಕಾರ್ಖಾನೆ ಕೊನೆಯವನ ಲೆಕ್ಕ ಹಿಡಿಯುತ್ತದೆ. ಹೊಲದಲ್ಲಿ ಕೊನೆಯವನಿಂದ ಆಗುವ ಹೆಚ್ಚುವರಿ ಸೊನ್ನೆಗೆ ಹತ್ತಿರವಿರಬಹುದು. ಅಂಥವರು ಪೇಟೆಗೆ ಬಂದರೆ ಹಳ್ಳಿಯ ಉತ್ಪನ್ನ ಕುಗ್ಗುವುದಿಲ್ಲ, ಕಾರ್ಖಾನೆಗಳು ಕೂಲಿ ಏರಿಸದೆ ಬೆಳೆಯುತ್ತಾ ಹೋಗಬಹುದು ಎಂದ.

ಇದನ್ನು ಪರೀಕ್ಷಿಸುವುದು ಹೇಗೆ? ಹಳ್ಳಿಗಳಿಂದ ಒಂದಿಷ್ಟು ಜನರನ್ನು ಇದ್ದಕ್ಕಿದ್ದಂತೆ ತೆಗೆದು, ಬೆಳೆ ಕಡಿಮೆಯಾಯಿತೇ ಎಂದು ನೋಡಬೇಕು. ಅಂಥ ಪ್ರಯೋಗವನ್ನು ಯಾರೂ ಮಾಡುವಂತಿಲ್ಲ. ಆದರೆ ರೋಗ ಮಾಡಿಬಿಟ್ಟಿತ್ತು. 1918ರ ಇನ್‌ಫ್ಲುಯೆನ್ಸ ಭಾರತದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂದಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಸೇರಿದ್ದ ಮುಂಬಯಿ ಪ್ರಾಂತ ತೀವ್ರವಾಗಿ ನರಳಿತು. 1911ರಿಂದ 1921ರ ದಶಕದಲ್ಲಿ ದೇಶದ ಜನಸಂಖ್ಯೆ ಬೆಳೆಯುವ ಬದಲು ಕುಗ್ಗಿತು; ನಮ್ಮ ಜನಗಣತಿಯಲ್ಲಿ ಹಾಗಾದ ದಶಕ ಅದೊಂದೇ. 1964ರಲ್ಲಿ ಅಮೆರಿಕದ ಥಿಯೋಡರ್ ಷುಲ್ಟ್ಸ್ ಆ ಅಂಕಿಗಳನ್ನು ತೆಗೆದ. ಬೇಸಾಯದ ದುಡಿಮೆಗಾರರು ಸುಮಾರು ನೂರಕ್ಕೆ 8ರಷ್ಟು ಕಡಿಮೆಯಾಗಿದ್ದರು. ರೋಗಕ್ಕೆ ಮೊದಲಿನ 1916–17ಕ್ಕೆ ಹೋಲಿಸಿದರೆ 1919–20ರಲ್ಲಿ ಬಿತ್ತಿದ ಭೂಮಿ ನೂರಕ್ಕೆ 3.8ರಷ್ಟು ಕಡಿಮೆಯಾಗಿತ್ತು. ಹಾಗಾದರೆ ಸತ್ತವರು ಯಾರೂ ಬೇಡದವರಾಗಿರಲಿಲ್ಲ, ಹೆಚ್ಚುವರಿ ಆಳು ಎಂಬುದು ಸುಳ್ಳು ಎಂದ.

1967ರಲ್ಲಿ ಅಮರ್ತ್ಯ ಸೇನ್ ಇದನ್ನು ಪ್ರಶ್ನಿಸಿದರು. ರೋಗ ಎಲ್ಲ ಮನೆಗಳ ಬಾಗಿಲನ್ನೂ ಒಂದೇ ಸಮ ತಟ್ಟಲಿಲ್ಲ. ಒಂದು ಮನೆಯಲ್ಲಿ ದುಡಿಯುವವರೆಲ್ಲ ಹೋದರು, ಪಕ್ಕದ ಮನೆಯಲ್ಲಿ ಎಲ್ಲರೂ ಉಳಿದರು. ಪಕ್ಕದ ಮನೆಯಲ್ಲಿ ಎಷ್ಟೇ ಕೈಗಳು ಖಾಲಿ ಇದ್ದರೂ ಈ ಮನೆಯ ಹೊಲ ಆ ವರ್ಷ ಬೀಳುಬಿತ್ತು. ಹೊಲ ಬೀಳುಬಿದ್ದದ್ದರಿಂದ ಹೆಚ್ಚುವರಿ ಕೈಗಳಿರಲಿಲ್ಲ ಎಂದು ಸಾಬೀತಾಗುವುದಿಲ್ಲ ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ಷುಲ್ಟ್ಸ್ ಮತ್ತೆ ಉತ್ತರಿಸಿದ. ವಾದ ತೀರ್ಮಾನವಾಗದೆಯೇ 1979ರಲ್ಲಿ ಲೂಯಿಸ್ ಮತ್ತು ಷುಲ್ಟ್ಸ್ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಹುಮಾನ ಬಂತು. ಸೇನ್ ಅವರಿಗೆ ಬಂದದ್ದು 1998ರಲ್ಲಿ, ಬೇರೆ ಕೆಲಸಕ್ಕಾಗಿ.

ಈ ಮೂವರ ವಾದ ಓದುವಾಗ ಮನಸ್ಸು ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಕೊನೆಯ ಆಳಿನ ಬೆಲೆ ತಿಳಿಯಲು ಅವನನ್ನು ತೆಗೆದು ನೋಡಬೇಕು. ಧಣಿ ತೆಗೆದು ನೋಡುತ್ತಾನೆ, ಕಾರ್ಖಾನೆ ತೆಗೆದು ನೋಡುತ್ತದೆ, ರೋಗವೂ ತೆಗೆದು ನೋಡಿತು. ಇಲ್ಲದಿದ್ದಾಗ ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಇದ್ದವನ ಬೆಲೆ ಎಂದು ಈ ಲೆಕ್ಕ ಹೇಳುತ್ತದೆ. ಎಷ್ಟು ಜನರನ್ನು ಕರೆಯಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಈವರೆಗೆ ಸಿಕ್ಕಿಲ್ಲ. ಕೂಲಿ, ಬೆಲೆ, ಬೇಡಿಕೆ ಬದಲಾದರೆ ಕೆಲಸ ಯಾರಿಗೆ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂದು ಮೊದಲೇ ಊಹಿಸಲು ಅದು ಬೇಕು. ಆದರೆ ಬಂದವನಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಯನ್ನು ಅದರ ಕೈಗೆ ಕೊಟ್ಟಾಗಲೇ ಕ್ಲಾರ್ಕ್ ಎಡವಿದ್ದು. ಒಂಬತ್ತನೆಯವನು ತಂದದ್ದು 1.3 ಆಗಿದ್ದು ಅವನ ತೋಳಿನ ಬಲದಿಂದಲ್ಲ, ಅವನ ಮುಂದೆ ಎಂಟು ಜನ ಇದ್ದದ್ದರಿಂದ. ಅದು ಅವನು ನಿಂತ ಜಾಗದ ಬೆಲೆ. ಆ ಜಾಗದಲ್ಲಿ ಒಂದಲ್ಲ ಒಂದು ದಿನ ನಾವೆಲ್ಲರೂ ನಿಂತಿರುತ್ತೇವೆ.

ಥ್ಯೂನೆನ್‌ಗೆ ಇದು ಗೊತ್ತಿದ್ದಿರಬೇಕು. ತನ್ನ ಹೊಲದಲ್ಲಿ ಬಗ್ಗಿ ಮಣ್ಣು ಕೆದಕುತ್ತಿದ್ದವರ ಮುಖ, ಹೆಸರು, ಮನೆ ಅವನಿಗೆ ಗೊತ್ತಿತ್ತು. ಅವನ ವರ್ಗಮೂಲ ತಪ್ಪಿತ್ತು ಎಂದೇ ಇಟ್ಟುಕೊಳ್ಳೋಣ. ಎಷ್ಟು ಆಳು ಬೇಕು ಎಂಬ ಲೆಕ್ಕ ಮುಗಿಸಿದ ಮೇಲೂ ಲೆಕ್ಕದ ಪುಸ್ತಕವನ್ನು ಅವನು ಮುಚ್ಚಲಿಲ್ಲ. ಆ ಆಳುಗಳ ಮುಪ್ಪಿಗೆಂದು ಇನ್ನೊಂದು ಪುಟ ತೆರೆದ.